ಶಂಖದ ಸೀಸೆಯಲ್ಲಿ ಉಪ್ಪು

ಕರಕುಶಲ ಟೀಚರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಬಿಸ್ಕತ್ತು ತಿಂದು, ಕೊನೆಗೆ ಮೊಬೈಲು ತೆಗೆದು "ಮೇಡಂ, ಸೀಸೆ ಪೇಂಟಿಂಗ್ ವಿಡಿಯೋ ನೋಡೀವ್ರಿ, ಎಲ್ಲಾ ತಿಳೀತು" ಎನ್ನುತ್ತಾರೆ. ತಿಳಿದಿದ್ದರೆ ನನ್ನ ಮನೆಗೆ ಯಾಕೆ ಬಂದಿರಿ ತಾಯಂದಿರಾ? ವಿಡಿಯೋದಲ್ಲಿ ಗೋಂದು ಚಿಟಿಕೆ ಹೊಡೆಯುವಷ್ಟರಲ್ಲಿ ಒಣಗುತ್ತದೆ. ಬಳ್ಳಾರಿಯಲ್ಲಿ ಅದು ಒಣಗುವ ಹೊತ್ತಿಗೆ ಅದರ ಮೇಲೆ ಏನೇನು ಬಿದ್ದಿರುತ್ತದೆ ಎನ್ನುವುದು ಯಾವ ವಿಡಿಯೋದಲ್ಲೂ ಇಲ್ಲ. ಕೂತು ಕೇಳುವ ವ್ಯವಧಾನ ನಿಮಗಿಲ್ಲ, ಓದಿಯಾದರೂ ಓದಿರಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ರಜಿಯಾ. ನಮ್ಮಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ನಾನು ಬಳ್ಳಾರಿಯ ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ಹೊಲಿಗೆ, ಕಸೂತಿ, ಕರಕುಶಲ ಕಲಿಸುತ್ತಿದ್ದೆ. ವಾರಕ್ಕೊಂದು ದಿನ ಸಿರುಗುಪ್ಪಕ್ಕೆ, ಇನ್ನೊಂದು ದಿನ ಕುರುಗೋಡಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿನ ಹೆಂಗಸರಿಗೂ ಕಲಿಸಬೇಕಿತ್ತು. ಆಗ ಗಣಿಯ ದುಡ್ಡು ಊರಿಗೆ ಸುರಿಯುತ್ತಿದ್ದ ಕಾಲ. ಹೊಸ ಮನೆ ಕಟ್ಟಿಸಿದವರೆಲ್ಲ ಪಡಸಾಲೆಯಲ್ಲಿ ಗಾಜಿನ ಶೋಕೇಸು ಮಾಡಿಸಿದರು. ಶೋಕೇಸು ಆದ ಮೇಲೆ ಅದರೊಳಗೆ ಇಡಲು ಏನಾದರೂ ಬೇಕಲ್ಲ? ಹಾಗೆ ನಮ್ಮ ಬಣ್ಣದ ಸೀಸೆಗಳಿಗೆ ಬೇಡಿಕೆ ಬಂತು.

ಕೆಲಸ ಇಷ್ಟೇ. ಬಡಗಿಗಳ ಬಿಳಿ ಗೋಂದಿಗೆ ಬಣ್ಣ ಮತ್ತು ಎರಡು ಹನಿ ಗ್ಲಿಸರಿನ್ ಹಾಕಿ ಕಲಸಬೇಕು. ಚಿತ್ರ ಬರೆದ ಕಾಗದದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು, ಕಾಣುವ ಗೆರೆಯ ಮೇಲೆ ಕಪ್ಪು ಗೋಂದಿನಿಂದ ಗೆರೆ ಎಳೆಯಬೇಕು. ಗೆರೆ ಒಣಗಿದ ಮೇಲೆ ಒಳಗೆ ಬಣ್ಣ ತುಂಬಬೇಕು. ಪೂರ್ತಿ ಒಣಗಿದಾಗ ಅಂಚಿನಿಂದ ಮೆಲ್ಲಗೆ ಸುಲಿದರೆ ಚಿತ್ರ ಹಂಚಿನಿಂದ ದೋಸೆ ಎದ್ದಂತೆ ಎದ್ದು ಬರುತ್ತದೆ. ಅದನ್ನು ಗಾಜಿನ ಸೀಸೆಗೆ ಒತ್ತಿದರೆ ಅಂಟಿತು. ಬೇಸರವಾದರೆ ತೆಗೆದು ಬೇರೆ ಸೀಸೆಗೆ ಹಚ್ಚಿಕೊಳ್ಳಬಹುದು. ಗೆರೆ ಎಳೆಯಲು ನಾವು ಮೆಹಂದಿ ಕೋನಿನೊಳಗೆ ಗೋಂದು ತುಂಬುತ್ತಿದ್ದೆವು. ಇದು ನನ್ನ ತಲೆಯಿಂದ ಬಂದದ್ದು, ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ.

ಕೇಂದ್ರದ ಮುಂದೆಯೇ ಅದಿರಿನ ಲಾರಿಗಳು ಓಡಾಡುವ ರಸ್ತೆ. ಕಿಟಕಿ ಹಾಕಿದರೆ ಬೆವರು, ತೆಗೆದರೆ ಕೆಂಪು ದೂಳು. ಹಸಿ ಗೋಂದಿನ ಮೇಲೆ ಆ ದೂಳು ಕೂತರೆ ಮುಗಿಯಿತು, ಬೆಳಿಗ್ಗೆ ಮಲ್ಲಿಗೆ ಬಿಡಿಸಿಟ್ಟರೆ ಸಂಜೆಗೆ ಅದು ಕನಕಾಂಬರ. ಗಣಿ ಗುತ್ತಿಗೆದಾರರೊಬ್ಬರ ಹೆಂಡತಿ ಅಂಥ ಒಂದು ಸೀಸೆಯನ್ನೇ ಎತ್ತಿಕೊಂಡು, "ಈ ಕಲರ್ ಎಲ್ಲಿ ತಂದೀರಿ? ನಮ್ಮ ಸೋಫಾಕ್ಕ ಮ್ಯಾಚ್ ಆಗತೈತಿ" ಎಂದರು. "ಸ್ಪೆಷಲ್ ರೀ" ಎಂದೆ. ಎಲ್ಲಿಯದೆಂದು ಹೇಳಿದ್ದರೆ ಅವರ ಗಂಡನಿಗೇ ಬೇಜಾರಾಗುತ್ತಿತ್ತು. ಆಮೇಲೆ ಹಾಳೆಗಳನ್ನು ಮೇಜಿನ ಕೆಳಗೆ ಸರಿಸಿ, ಸುತ್ತ ಒದ್ದೆ ಸೀರೆ ಇಳಿಬಿಟ್ಟು ಒಣಗಿಸುವುದು ರೂಢಿಯಾಯಿತು.

ನಮಗೆ ಸುಪರ್‌ವೈಜರ್ ಆಗಿದ್ದವರು ರುಕ್ಮಾಬಾಯಿ. ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಕೋಟೆ ಕಡೆಯ ವೈಷ್ಣವರ ಮನೆ, ಮಡಿ ಎಂದರೆ ಮಡಿ. ನಮ್ಮ ಕೈಯ ನೀರು ಸಹ ಕುಡಿಯುತ್ತಿರಲಿಲ್ಲ. ಆದರೆ ನನಗೆ ಹೆರಿಗೆಯಾದಾಗ ಅಂಟಿನುಂಡೆ ಕಟ್ಟಿ ಡಬ್ಬಿ ತುಂಬ ಕಳಿಸಿದ್ದೂ ಅವರೇ. ಒಮ್ಮೆ ಹುಡುಗಿಯರು ಆಕಾರ ಚೆಂದವಿದೆ ಎಂದು ಬಾರ್‌ನಿಂದ ಖಾಲಿ ಬಾಟಲಿ ತಂದಿದ್ದರು. ಬಾಯಾರು ಅದನ್ನು ಕೈಯಲ್ಲಿ ತಿರುವಿ ತಿರುವಿ ಹೊಗಳಿದ ಮೇಲೆ ಯಾರೋ ಅದೇನೆಂದು ಹೇಳಿದರು. ನಡು ಮಧ್ಯಾಹ್ನ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು, "ಮೊದಲ ಹೇಳಲಿಕ್ಕೆ ಏನು ಧಾಡಿ ಆಗಿತ್ತಲೇ ನಿಮಗ?" ಎಂದು ಬೈದರು. ಆ ಬಾಟಲಿಗೆ ಅವರು ಹಾಕಿದ ಮಾರ್ಕು ಮಾತ್ರ ಕಡಿಮೆ ಮಾಡಲಿಲ್ಲ.

ಈಗ ಕಮಲದ ಕತೆಗೆ ಬರುತ್ತೇನೆ. ಬಳ್ಳಾರಿಯಲ್ಲಿ ಹೊಸದಾಗಿ ಒಂದು ಸ್ವೀಟ್ ಅಂಗಡಿ ತೆರೆಯುವುದಿತ್ತು. ಅಲ್ಲಿಯ ಗಾಜಿನ ಭರಣಿಗಳಿಗೆಲ್ಲ ಕಮಲ ಬೇಕೆಂದರು. ಸಿರುಗುಪ್ಪದ ಹೆಂಗಸರು ಕಮಲ ಮಾಡಿದರು. ಅಲ್ಲೇ ಹತ್ತಿರದ ಕರೂರಿನ ಈರಮ್ಮ, ನಾಟಿ ಕಾಲದಲ್ಲಿ ಗದ್ದೆಗೆ, ಉಳಿದ ಕಾಲದಲ್ಲಿ ನಮ್ಮ ತರಗತಿಗೆ ಬರುವವಳು, ಅವನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಬೇಸಿಗೆಯ ಝಳಕ್ಕೆ ಚಿತ್ರಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದಾವು ಎಂದು ಹೆದರಿ, ನಡುವೆ ನಡುವೆ ಹಳೆಯ ಪೇಪರು ಹರಿದು ಇಟ್ಟಿದ್ದಳು. ಬುದ್ಧಿವಂತಿಕೆಯೇನೋ ಸರಿ. ಆದರೆ ಬಿಸಿಗೆ ಮೆತ್ತಗಾದ ಗೋಂದು ಪೇಪರಿನ ಶಾಯಿಯನ್ನೆಲ್ಲ ಎಳೆದುಕೊಂಡಿತ್ತು. ಬಿಡಿಸಿ ನೋಡಿದರೆ ಒಂದೊಂದು ಕಮಲದ ಮೇಲೂ ತಿರುಗುಮುರುಗು ಸುದ್ದಿ. ಎಲ್ಲಕ್ಕಿಂತ ದೊಡ್ಡ ಕಮಲದ ನಟ್ಟನಡುವೆ ನಿಧನದ ಪುಟದ ಒಬ್ಬ ಯಜಮಾನರು, ಮೀಸೆ ಮತ್ತು ಹಾರದ ಸಮೇತ.

"ಅಯ್ಯಯ್ಯೋ ಟೀಚರಮ್ಮ, ಕಮಲದಾಗ ಬ್ರಹ್ಮ ಕುಂತಂಗ ಕುಂತಾನಲ್ರಿ ಈ ಯಪ್ಪಾ!" ಎಂದು ಈರಮ್ಮ ಹಣೆ ಚಚ್ಚಿಕೊಂಡಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಾಯಾರು ಒಳಗೆ ಬಂದರು. ಮುಚ್ಚಿಡಲು ಹೊತ್ತಿರಲಿಲ್ಲ. ಅವರು ಮೇಲಿದ್ದ ಆ ದೊಡ್ಡ ಕಮಲವನ್ನೇ ಎತ್ತಿಕೊಂಡು, ಮುಖದ ಹತ್ತಿರ ಹಿಡಿದು, ಅಂಚಿನ ಗೆರೆಯ ಮೇಲೆ ಹೆಬ್ಬೆರಳು ಓಡಿಸಿ, "ಗೆರಿ ಛಲೋ ಎದ್ದದ. ಎಲ್ಲೂ ಒಡದಿಲ್ಲ. ಅಂಗಡಿಗೆ ಕಳಸ್ರಿ" ಎಂದು ಮೇಜಿನ ಮೇಲಿಟ್ಟರು. ಈರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಬಾಯಾರು ತಮಾಷೆ ಮಾಡುತ್ತಿದ್ದಾರೆ ಎಂದು ನಾನೂ ನಕ್ಕೆ. ಆದರೆ ಅವರು ತಮಾಷೆ ಮಾಡಿರಲಿಲ್ಲ. ಹೊರಗೆ ಹೋಗುವಾಗ ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ ಹುಡುಕಿದ್ದನ್ನು ನೋಡಿ ನನ್ನ ನಗು ನಿಂತಿತು.

ಎಲ್ಲರೂ ಹೋದ ಮೇಲೆ ಅವರ ಕೋಣೆಗೆ ಹೋದೆ.

"ಬಾಯಾರ, ಆ ಕಮಲದಾಗ ಏನಿತ್ತು ನೋಡಿದ್ರೇನು?"

"ಏನಿತ್ತು?"

"ಸತ್ತ ಮನುಷ್ಯಾ ಇದ್ನ್ರಿ. ಮೀಸಿ ಇತ್ತು."

ಬಾಯಾರು ನಗತೊಡಗಿದರು. ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾ ಅವರನ್ನೂ ಪಾಸ್ ಮಾಡಿದ್ನಲ್ಲ ರಜಿಯಾ! ಕಣ್ಣಿನ ನರ ಒಣಗಲಿಕ್ಕೆ ಹತ್ಯಾವ ಅಂದಾರ ಡಾಕ್ಟ್ರು. ಹೋದದ್ದು ತಿರುಗಿ ಬರೂದಿಲ್ಲಂತ. ಬೆಳಕು, ನೆರಳು ಇಷ್ಟು ತಿಳೀತದ, ಅಷ್ಟ." ಊರೂರಿನ ತರಗತಿ ನೋಡಲು ನನ್ನ ಜೊತೆ ಬಂದಾಗ ಬಸ್ಸಿನಿಂದ ನನ್ನ ಮೊಣಕೈ ಹಿಡಿದೇ ಇಳಿಯುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ಸಲಿಗೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದ್ದೆ. ಸಲಿಗೆಯೂ ಇತ್ತು ಬಿಡಿ.

ಕಮಲಗಳನ್ನು ಮತ್ತೆ ಮಾಡಿದೆವು. ಬಾಯಾರು ತಾವಾಗಿಯೇ ಕೆಲಸ ಬಿಟ್ಟರು. ಬೀಳ್ಕೊಡುವ ದಿನ ನಾವೆಲ್ಲ ಮುಖ ಬಾಡಿಸಿಕೊಂಡು ಕೂತಿದ್ದರೆ ಅವರೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಈ ಕುರ್ಚಿ ಹೋದದ್ದಕ್ಕ ನನಗ ದುಃಖ ಇಲ್ಲ. ಅಡಗಿಮನಿ ಹೋಗಲಿಕ್ಕೆ ಹತ್ತದ, ಅದಕ್ಕ ಏನು ಮಾಡ್ಲಿ ಹೇಳು."

ಅವರ ಸೊಸೆ ವೈದೇಹಿ ಹೈಸ್ಕೂಲಿನಲ್ಲಿ ಟೀಚರು, ಒಳ್ಳೆಯ ಹುಡುಗಿ. ಹಬ್ಬದ ದಿನ ಬಾಯಾರು ಮಾಡಿದ ಪಾಯಸಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಅತಿಥಿಗಳು ಎಲೆಯ ಮುಂದೆ ಮುಖ ಮುಖ ನೋಡಿಕೊಂಡರು. ಅಂದಿನಿಂದ ವೈದೇಹಿ, "ಅತ್ಯಾ, ಒಲಿ ಹತ್ತಿರ ಬರಬ್ಯಾಡ್ರಿ, ಕೂತ್ಕೋರಿ" ಎನ್ನತೊಡಗಿದಳು. ತಾನೇ ಬೆಳಿಗ್ಗೆ ಓಡಾಡಿ ಎಲ್ಲ ಮಾಡಿ ಶಾಲೆಗೆ ಓಡುವಳು. "ಕೂತ್ಕೋರಿ ಅನ್ನೂದು ಎಷ್ಟು ಕೆಟ್ಟ ಮಾತು ಗೊತ್ತದೇನ ನಿನಗ?" ಎಂದು ಬಾಯಾರು ನನ್ನನ್ನು ಕೇಳಿದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ವಾಸನಿ, ರುಚಿ ನೋಡಿ ಹಾಕಬಹುದಲ್ರಿ?" ಎಂದೆ.

"ದೇವರಿಗೆ ನೈವೇದ್ಯ ಆಗೂದನ್ನ ಮೂಸಬಾರದು, ರುಚಿನೂ ನೋಡಬಾರದು. ಅದು ಎಂಜಲಾಗತದ."

ಅಂದರೆ ಉಳಿದದ್ದು ಬೆರಳು ಮಾತ್ರ. ಗೆರೆ ಎದ್ದಿದೆಯೋ ಇಲ್ಲವೋ ಎಂದು ನಮ್ಮನ್ನೆಲ್ಲ ಗೋಳು ಹೊಯ್ದುಕೊಂಡ ಬೆರಳು. ಅವರ ಅಡುಗೆಮನೆಯ ಮಡಿಕಪಾಟಿನ ಸೀಸೆಗಳಿಗೆ, ತಡವಿದರೆ ಗುರುತು ಸಿಗುವಂತೆ, ನಾನೇ ಚಿತ್ರ ಮಾಡಿಕೊಡುತ್ತೇನೆ ಎಂದು ಹೇಳಿಬಂದೆ.

ಒಂದು ಭಾನುವಾರ ಪೂರ್ತಿ ಕೂತು ನವಿಲು, ಮಾವು, ದ್ರಾಕ್ಷಿ ಗೊಂಚಲು, ಸೂರ್ಯಕಾಂತಿ ಮಾಡಿದೆ. ಅಷ್ಟು ಚೆಂದದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಹೆಮ್ಮೆಯಿಂದ ತೆಗೆದುಕೊಂಡು ಹೋದೆ. ಬಾಯಾರು ಪಡಸಾಲೆಯಲ್ಲಿ ಕೂತು ಒಂದೊಂದನ್ನೇ ತಡವಿ, "ಇದು ನವಿಲೋ ಮಾವೋ?" ಎಂದರು. ಅದು ದ್ರಾಕ್ಷಿಯಾಗಿತ್ತು. "ನೀ ಕಣ್ಣಿಗೆ ಮಾಡೀದಿ. ಬೆರಳಿಗೆ ಮಾಡು."

ನನಗೆ ಸಿಟ್ಟು ಬಂತು. ಚೀಲ ಎತ್ತಿಕೊಂಡು ಸರಸರ ಹೊರಟವಳು ಹೊಸ್ತಿಲಲ್ಲಿ ನಿಂತೆ. ಅಲ್ಲಿ ಅಂದಿನ ರಂಗೋಲಿ ಇತ್ತು. ಶಂಖ, ಚಕ್ರ, ಗದೆ, ಪದ್ಮ. ಒಂದು ಗೆರೆಯೂ ಸೊಟ್ಟಗಿಲ್ಲ.

"ಬಾಯಾರ, ಇದನ್ನ ಯಾರು ಹಾಕಿದ್ರು?"

"ನಾನ. ಅದಕ್ಕೇನು ಕಣ್ಣು ಬೇಕ?"

ತಿರುಗಿ ಒಳಗೆ ಬಂದೆ. ಅವರು ನೆಲದ ಮೇಲೆ ರಂಗೋಲಿ ಪುಡಿಯಿಂದ ಬರೆದರು, ನಾನು ಪಕ್ಕದಲ್ಲಿ ಕೂತು ಹಾಳೆಯ ಮೇಲೆ ಬರೆದುಕೊಂಡೆ. ಬಣ್ಣ ತುಂಬುವ ಗೊಡವೆಯೇ ಇಲ್ಲ, ಬರೀ ಗೆರೆ, ಅದೂ ಕೋನು ಒತ್ತಿ ಹಿಡಿದು ದಪ್ಪಗೆ. ಯಾವುದಕ್ಕೆ ಯಾವುದು ಎಂದು ಅವರೇ ತೀರ್ಮಾನ ಮಾಡಿದರು. ಉಪ್ಪಿಗೆ ಶಂಖ, ಎರಡೂ ಸಮುದ್ರದವು. ಸಕ್ಕರೆಗೆ ಪದ್ಮ. ಕಾಳುಮೆಣಸಿಗೆ ಚಕ್ರ. ಖಾರದ ಪುಡಿಗೆ ಗದೆ, "ಹೆಚ್ಚಾದರ ತಲಿಮ್ಯಾಲೆ ಹೊಡೀತದ" ಎಂದು ನಕ್ಕರು. ನಮ್ಮ ಮನೆಯಲ್ಲಿ ನಾನು ಶಂಖ ಚಕ್ರ ಬಿಡಿಸುತ್ತಾ ಕೂತದ್ದನ್ನು ಕಂಡು ನಮ್ಮ ಯಜಮಾನರು ಕನ್ನಡಕ ಏರಿಸಿ, "ಏನ ನಡಸೀ ಇದು?" ಎಂದರು. "ಉಪ್ಪು, ಮೆಣಸು" ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ, ಜಾಣರು.

ಬಾಯಾರಿಗೆ ಈ ಚಿತ್ರಗಳು ಇನ್ನೊಂದು ಕಾರಣಕ್ಕೆ ಇಷ್ಟವಾದವು. ಚಾತುರ್ಮಾಸದಲ್ಲಿ ಅವರ ಅಡುಗೆಮನೆ ತಿಂಗಳಿಗೊಮ್ಮೆ ಬದಲಾಗುತ್ತದೆ. ಮೊದಲ ತಿಂಗಳು ಶಾಕವ್ರತ, ಆಗ ತರಕಾರಿ, ಒಣಮೆಣಸಿನಕಾಯಿ, ಹುಣಸೆಹಣ್ಣು ಯಾವುದೂ ಇಲ್ಲ, ಖಾರಕ್ಕೆ ಕಾಳುಮೆಣಸೇ ಗತಿ. ಎರಡನೆಯ ತಿಂಗಳು ದಧಿವ್ರತ, ಆಗ ಅವೆಲ್ಲ ಮರಳಿ ಬಂದು ಮೊಸರು ಹೋಗುತ್ತದೆ. ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಯಿಲ್ಲ. ಪ್ರತಿ ಸಲವೂ ಸೀಸೆಗಳನ್ನು ತೊಳೆದು ಬೇರೆ ಬೇರೆ ತುಂಬಬೇಕು. ಗಾಜಿನ ಮೇಲೆ ಶಾಶ್ವತವಾಗಿ ಬರೆದುಬಿಟ್ಟರೆ ಕೆಲಸಕ್ಕೆ ಬರುವುದಿಲ್ಲ. ಸುಲಿದು ಹಚ್ಚುವ ನಮ್ಮ ಚಿತ್ರವಾದರೆ ಸಾಮಾನಿನ ಹಿಂದೆಯೇ ಹೋಗುತ್ತದೆ.

ಸೀಸೆಗೆ ಹೇಗೆ ಹಚ್ಚುವುದೆಂದು ತೋರಿಸಲು ನಾನು ಗಾಜಿನ ಮೇಲೆ "ಹ್ಹಾ" ಎಂದು ಉಸಿರು ಬಿಟ್ಟೆ. ಸ್ವಲ್ಪ ಪಸೆ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಬಾಯಾರು ಹೌಹಾರಿದರು. "ಎಂಜಲು ಉಸಿರು! ಆ ಸೀಸಿ ನೀನ ಮನಿಗೆ ಒಯ್ಯಿ!" ಆ ಸೀಸೆ ಈಗಲೂ ನನ್ನ ಮನೆಯಲ್ಲಿದೆ, ಅದರಲ್ಲಿ ಅಂಗಿಯ ಗುಂಡಿಗಳನ್ನು ಹಾಕಿಟ್ಟಿದ್ದೇನೆ.

ಶಾಕವ್ರತ ಶುರುವಾಗುವ ದಿನ ಬಾಯಾರು ಅಡುಗೆಗೆ ನಿಂತರು. ನಾನು ಆ ಹೊತ್ತಿಗೆ ಕುರುಗೋಡಿನಲ್ಲಿದ್ದೆ. ಏನಾಯಿತೆಂದು ಆಮೇಲೆ ವೈದೇಹಿಯೇ ಹೇಳಿದಳು. ನನ್ನ ಕೈಯಿಂದ ಆದ ವಸ್ತು ಮಡಿಕಪಾಟಿಗೆ ಹೋಗಬೇಕು, ಹಾಗೆಯೇ ಹೇಗೆ ಹೋದೀತು? ನೀರಿನಲ್ಲಿ ಅದ್ದಿದರೆ ಎಲ್ಲವೂ ಶುದ್ಧ ಎಂದು ಬಾಯಾರು ಶಂಖ, ಚಕ್ರ, ಗದೆ, ಪದ್ಮವನ್ನೆಲ್ಲ ಕೊಳಗದ ನೀರಿಗೆ ಹಾಕಿದರು. ಬಿಳಿ ಗೋಂದಿಗೆ ನೀರು ತಾಗಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಇವತ್ತೇ ಮಾಡಿ ನೋಡಿ. ಹಾಲಿನಂತೆ ಬೆಳ್ಳಗಾಗಿ, ಲೋಳೆಯಾಗಿ ಕೈಗೆ ಬಂತು. ಅದೇ ಲೋಳೆಗೈಯಲ್ಲಿ ಸೀಸೆ ಹಿಡಿದರು. ಸೀಸೆ ಜಾರಿ ನೆಲಕ್ಕೆ ಬಿದ್ದು ಚೂರು ಚೂರಾಯಿತು. ಬರಿಗಾಲಲ್ಲಿ ಆ ಚೂರುಗಳ ನಡುವೆ ನಿಂತಿದ್ದ ಅತ್ತೆಯನ್ನು ಕಂಡು ವೈದೇಹಿ ಅತ್ತೇಬಿಟ್ಟಳಂತೆ.

"ಕಾಲಿಗೆ ಚುಚ್ಚಿದ್ರ ಏನು ಗತಿ ಅತ್ಯಾ? ಸಾಕು. ಇನ್ನ ಒಳಗ ಬರಬ್ಯಾಡ್ರಿ, ಕೈ ಮುಗೀತೀನಿ."

ಅದಕ್ಕೆ ಬಾಯಾರು ಹೇಳಿದ್ದು ಇಷ್ಟು: "ಈ ತಿಂಗಳು ನೀನ ಮಾಡು. ದಧಿವ್ರತ ಶುರುವಾಗೂ ದಿನ ಒಂದ ಒಂದು ಸಲ ನನಗ ಬಿಡು. ಅವತ್ತೂ ತಪ್ಪಿದ್ರ ನಾನ ಕೂಡತೀನಿ. ಮತ್ತ ಕೇಳೂದಿಲ್ಲ."

ನನಗೂ ಉಳಿದದ್ದು ಅದೊಂದೇ ತಿಂಗಳು. ನೀರಿಗೆ ಜಗ್ಗದ ಗೋಂದು ಎಲ್ಲಿಂದ ತರುವುದು? ಬಳ್ಳಾರಿಯ ಅಂಗಡಿಗಳಲ್ಲಿ ಕೇಳಿದೆ, ಪ್ಲಾಸ್ಟಿಕ್ ಹೊದಿಸಿ ನೋಡಿದೆ, ಮೇಣ ಸವರಿ ನೋಡಿದೆ. ಮೇಣ ಹಚ್ಚಿದ್ದು ಗಾಜಿಗೆ ಹಿಡಿಯಲೇ ಇಲ್ಲ. ಕುರುಗೋಡಿನ ತರಗತಿಯಲ್ಲಿ ಈ ಗೋಳನ್ನೇ ಹೇಳಿಕೊಳ್ಳುತ್ತಿದ್ದಾಗ ಬಡಗಿಯ ಹೆಂಡತಿ ಹಸೀನಾ, "ನಮ್ಮನಿಯವ್ರು ಗಣಿ ಸಾಹುಕಾರ್ರ ಬಾತ್‌ರೂಮ್ ಬಾಗಿಲಿಗೆ ಬ್ಯಾರೆ ಗೋಂದು ಹಾಕ್ತಾರ್ರೀ. ಎಷ್ಟು ನೀರು ಬಿದ್ರೂ ಬಿಡಂಗಿಲ್ಲ ಅದು" ಎಂದಳು. ಅವಳನ್ನು ಅಪ್ಪಿಕೊಂಡುಬಿಟ್ಟೆ. ಮರುವಾರ ಅವಳು ಒಂದು ಡಬ್ಬಿಯ ತಳದಲ್ಲಿ ಉಳಿದದ್ದನ್ನು ತಂದುಕೊಟ್ಟಳು.

ಆ ಗೋಂದು ಒಣಗಿದರೆ ಮರದ ಚಕ್ಕೆ. ಸುಲಿಯಹೋದರೆ ಪಟಪಟ ಮುರಿಯುತ್ತಿತ್ತು. ಗ್ಲಿಸರಿನ್ ಹೆಚ್ಚು ಮಾಡಿದರೆ ಒಣಗುವುದೇ ಇಲ್ಲ. ಎರಡರ ನಡುವಿನ ಹದ ಸಿಗುವವರೆಗೆ ಹಸೀನಾ, ಈರಮ್ಮ ಎಲ್ಲರೂ ಕೈ ಹಾಕಿದರು. ಮಾಡಿದ್ದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ತರಗತಿ ಮುಗಿಯುವವರೆಗೆ ಬಿಟ್ಟು, ತೆಗೆದು, ಕಣ್ಣು ಮುಚ್ಚಿ ತಡವಿ ನೋಡುವುದು. "ಇದು ಗದಿ ರೀ!" ಎಂದು ಒಬ್ಬಳು ಕೂಗಿದರೆ ಎಲ್ಲರೂ ಚಪ್ಪಾಳೆ. ಹೊಲಿಗೆ ಆ ತಿಂಗಳು ಹಿಂದೆ ಬಿತ್ತು. ಬೀಳಲಿ.

ದಧಿವ್ರತದ ದಿನ ಬೆಳಿಗ್ಗೆ ನಾನು ಅವರ ಪಡಸಾಲೆಯಲ್ಲಿ ಕೂತಿದ್ದೆ. ಅಲ್ಲಿಂದ ಅಡುಗೆಮನೆಯ ಕಪಾಟು ಕಾಣುತ್ತಿತ್ತು. ಬಾಯಾರು ಮಡಿಯುಟ್ಟು, ಹೊಸ ಚಿತ್ರಗಳನ್ನು ನೀರಿಗೆ ಹಾಕಿ ತೆಗೆದು, ತೊಳೆದ ಕಿಟಕಿಯ ಗಾಜಿಗೆ ಸಾಲಾಗಿ ಹಚ್ಚಿದರು. ಒಂದೂ ಕರಗಲಿಲ್ಲ. ತೊಳೆದು ಒರೆಸಿದ ಸೀಸೆಗಳಿಗೆ ವೈದೇಹಿ ಒಂದೊಂದೇ ಸಾಮಾನು ಹೆಸರು ಹೇಳಿ ತುಂಬಿದಳು, ಬಾಯಾರು ಅದರದರ ಚಿತ್ರವನ್ನು ಕಿಟಕಿಯಿಂದ ಸುಲಿದು ಸೀಸೆಗೆ ಒತ್ತಿದರು. ಒಂದು ತಿಂಗಳು ರಜೆಯಲ್ಲಿದ್ದ ಗದೆ ಖಾರದ ಪುಡಿಗೆ ಮರಳಿ ಬಂತು. ಬಾಯಾರು ಕಪಾಟಿನಲ್ಲಿ ಎಲ್ಲವನ್ನೂ ಸಾಲಾಗಿ ಇಟ್ಟು ಒಲೆ ಹಚ್ಚಲು ತಿರುಗಿದರು.

ಆಗ ವೈದೇಹಿ ಸದ್ದಿಲ್ಲದೆ ಕೈ ಚಾಚಿ ಉಪ್ಪಿನ ಸೀಸೆಯನ್ನು ಸಕ್ಕರೆಯ ಜಾಗಕ್ಕೂ ಸಕ್ಕರೆಯದನ್ನು ಉಪ್ಪಿನ ಜಾಗಕ್ಕೂ ಇಟ್ಟಳು. ನನ್ನ ಕಣ್ಣಿಗೆ ಕಣ್ಣು ಕೂಡಿಸಿದಳು. ಅವಳ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಹೆದರಿಕೆ ಇತ್ತು. ನನಗೆ ಕೂಗಿಬಿಡಬೇಕೆನಿಸಿತು. ಸೆರಗಿನ ತುದಿ ಮುದುರಿ ಹಿಡಿದುಕೊಂಡು ಸುಮ್ಮನೆ ಕೂತೆ. ಯಾ ಅಲ್ಲಾ, ಆ ಮುದುಕಿಯ ಕೈ ಬಿಡಬೇಡ ಎಂದುಕೊಂಡೆ. ಅವರ ದೇವರ ಅಡುಗೆಗೆ ನಮ್ಮ ದೇವರನ್ನು ಕರೆದೆನಲ್ಲ ಎಂದು ಆಮೇಲೆ ನಗು ಬಂತು.

ಬೇಳೆ ಕುದಿಯಿತು. ಬಾಯಾರು ಒದ್ದೆ ಕೈಯನ್ನು ಕಪಾಟಿಗೆ ಚಾಚಿದರು. ಉಪ್ಪು ಇಟ್ಟ ಜಾಗದಲ್ಲಿ ಸೀಸೆ ಹಿಡಿದರು. ಬೆರಳು ಗೆರೆಯ ಮೇಲೆ ಒಂದು ಸುತ್ತು ಬಂತು, ನಿಂತಿತು. ಆ ಸೀಸೆ ಬಿಟ್ಟು ಪಕ್ಕದ್ದು, ಅದರ ಪಕ್ಕದ್ದು ತಡವಿದರು. ಮೂರನೆಯದರಲ್ಲಿ ಶಂಖ ಸಿಕ್ಕಿತು. ಮುಚ್ಚಳ ತೆಗೆದು ಉಪ್ಪು ಹಾಕಿದರು.

"ಯಾರೋ ಜಾಗಾ ಬದಲಿ ಮಾಡ್ಯಾರ" ಎಂದರು, ತಿರುಗದೆಯೇ. "ಮಾಡ್ಲಿ."

ವೈದೇಹಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನೈವೇದ್ಯವಾಯಿತು. ಬಾಯಾರು ಮೊದಲು ಸೊಸೆಗೇ ಬಡಿಸಿದರು, ಅವಳಿಗೆ ಶಾಲೆಗೆ ಹೊತ್ತಾಗಿತ್ತು. ನನಗೂ ಪಡಸಾಲೆಯಲ್ಲೇ ಒಂದು ಎಲೆ ಹಾಕಿದರು. ತೊವ್ವೆ, ಅನ್ನ, ಹುಣಸೆಹುಳಿಯ ಸಾರು, ಗೊಜ್ಜು, ಪಾಯಸ. ಬಡಿಸಿ ಕಂಬಕ್ಕೆ ಒರಗಿ ನಿಂತರು. ಹೇಗಿದೆ ಎಂದು ಕೇಳಲಿಲ್ಲ, ಸೌಟು ಮಾತ್ರ ಕೈಯಿಂದ ಕೆಳಗಿಡಲಿಲ್ಲ. ವೈದೇಹಿ ತಲೆ ಬಗ್ಗಿಸಿಕೊಂಡು ಉಂಡಳು. ಸಾರಿಗೆ ಇನ್ನಷ್ಟು ಅನ್ನ ಹಾಕಿಸಿಕೊಂಡಳು. ಪಾಯಸವನ್ನು ಬೆರಳಿನಿಂದ ಬಳಿದು ತಿಂದಳು. ಕೈ ತೊಳೆದು, ಚೀಲ ಹೆಗಲಿಗೇರಿಸಿ, ಬಾಗಿಲವರೆಗೆ ಹೋದವಳು ಅಲ್ಲೇ ನಿಂತು ಕೇಳಿದಳು:

"ಅತ್ಯಾ, ನಾಳಿಗೆ ನನ್ನ ಡಬ್ಬಿಗೆ ಏನು ಮಾಡ್ತೀರಿ?"

ಬಾಯಾರು ಸೌಟು ಕೆಳಗಿಟ್ಟರು. ಮೊದಲಿನ ಸುಪರ್‌ವೈಜರ್ ದನಿಯಲ್ಲೇ ಹೇಳಿದರು:

"ಮಸರನ್ನ ಕೇಳಬ್ಯಾಡ, ಈ ತಿಂಗಳು ಇಲ್ಲ. ಉಳಿದದ್ದು ಏನು ಬೇಕಾದ್ರೂ ಕೇಳು."